ಆಪರೇಷನ್‌ಗೆ ಮುಂಚೆ ಯಾವ ಮಾತ್ರೆ, ಬರೆದು ಕೊಡಿ

ಸಂಪಾದಕರೇ,

ಆಪರೇಷನ್ ಅಂದ ಕೂಡಲೇ ನಮ್ಮ ಮಂಡ್ಯ ಕಡೆ ಜನ ಡಾಕ್ಟರ್ ಯಾರು, ಖರ್ಚು ಎಷ್ಟು ಅಂತ ಕೇಳುತ್ತಾರೆ. ದಿನಾ ನುಂಗುವ ಮಾತ್ರೆ ಏನು ಮಾಡಬೇಕು ಅಂತ ಯಾರೂ ಕೇಳುವುದಿಲ್ಲ. ಮೊನ್ನೆ ನಮ್ಮ ಚಿಕ್ಕಪ್ಪನ ಪಿತ್ತಕೋಶದ ಆಪರೇಷನ್‌ಗೆ ಮುಂಚೆ 'ರಾತ್ರಿಯಿಂದ ಏನೂ ತಿನ್ನಬೇಡಿ' ಅಂದರು. ಅಷ್ಟೇ.

ಇದು ಸಣ್ಣ ವಿಷಯ ಅಲ್ಲ. ಮೆಟೊಪ್ರೊಲಾಲ್ ತರದ ಬಿಪಿ ಮಾತ್ರೆಯನ್ನು ಸಾಮಾನ್ಯವಾಗಿ ಆಪರೇಷನ್ ದಿನ ಬೆಳಿಗ್ಗೆಯೂ ಒಂದು ಗುಟುಕು ನೀರಲ್ಲಿ ನುಂಗಿಸುತ್ತಾರೆ, ಏಕಾಏಕಿ ಬಿಟ್ಟರೆ ಹೃದಯಕ್ಕೆ ಕಷ್ಟ. ಅದೇ ಟೆಲ್ಮಿಸಾರ್ಟಾನ್ ಅನ್ನುವ ಇನ್ನೊಂದು ಬಿಪಿ ಮಾತ್ರೆ ಆದರೆ, ಅರಿವಳಿಕೆ ಕೊಟ್ಟಾಗ ಬಿಪಿ ತೀರಾ ಇಳಿಯಬಹುದು ಅಂತ ಹಲವು ವೈದ್ಯರು ಅವತ್ತು ಬೇಡ ಅನ್ನುತ್ತಾರೆ. ಶುಗರ್‌ಗೆ ಈಗ ತುಂಬಾ ಜನ ತಗೊಳ್ಳುವ ಡಪಾಗ್ಲಿಫ್ಲೋಜಿನ್ ಅಂತೂ ಕನಿಷ್ಠ 3 ದಿನ ಮುಂಚೆಯೇ ನಿಲ್ಲಬೇಕು, ಇಲ್ಲದಿದ್ದರೆ ಶುಗರ್ ಜಾಸ್ತಿ ಇಲ್ಲದೆಯೂ ರಕ್ತದಲ್ಲಿ ಆಮ್ಲ ಏರುವ ಅಪಾಯ ಇದೆ. ಮೊದಲು ಹೇಳಿದ ಎರಡೂ ಬಿಪಿ ಮಾತ್ರೆಯೇ, ಆದರೂ ಒಂದು ಬೇಕು, ಒಂದು ಬೇಡ. ರೋಗಿಗೆ ಇದು ಹೇಗೆ ಗೊತ್ತಾಗಬೇಕು ಹೇಳಿ?

ಥಿಯೇಟರ್‌ನಲ್ಲಿ ಕೊಡುವ ಇಂಜೆಕ್ಷನ್‌ಗಳದ್ದೂ ಇದೇ ಕಥೆ. ಭಯ ಕಡಿಮೆಯಾಗಲು ಮಿಡಜೋಲಾಮ್, ಜೊಲ್ಲು ಒಣಗಲು ಗ್ಲೈಕೋಪೈರೊಲೇಟ್, ವಾಂತಿ ತಡೆಯಲು ಒಂಡಾನ್ಸೆಟ್ರಾನ್. ಎಲ್ಲರಿಗೂ ಎಲ್ಲವೂ ಬೇಕಿಲ್ಲ. ವಯಸ್ಸಾದವರಿಗೆ ಮಿಡಜೋಲಾಮ್‌ನಿಂದ ಗಲಿಬಿಲಿ ಆಗಬಹುದು. ಮುಂಚೆಯೇ ಹೇಳಿದ್ದರೆ, ಚಿಕ್ಕಪ್ಪನ ಬಾಯಿ ಒಣಗಿದ್ದಕ್ಕೆ ನಮ್ಮ ಚಿಕ್ಕಮ್ಮ ಸುಮ್ನೆ ಗಾಬರಿ ಬೀಳುತ್ತಿರಲಿಲ್ಲ ಅಲ್ವಾ.

ಅರಿವಳಿಕೆ ವೈದ್ಯರು ನೋಡುವ ದಿನವೇ ಯಾವುದು ನುಂಗಬೇಕು, ಯಾವುದು ಬೇಡ ಅಂತ ಕನ್ನಡದಲ್ಲಿ ಚೀಟಿ ಕೊಡಲಿ. ಜಿಲ್ಲೆಯ ಆರೋಗ್ಯಾಧಿಕಾರಿಗಳು ಖಾಸಗಿ ನರ್ಸಿಂಗ್ ಹೋಂಗಳಿಗೂ ಇದನ್ನು ಹೇಳಲಿ.

– ಒಬ್ಬ ಓದುಗ, ಮಂಡ್ಯ