ಇಸ್ತ್ರಿಯ ಗಂಜಿ ಸ್ಪ್ರೇ ಮತ್ತು ಜಾರುವ ನೆಲ

ಮಾನ್ಯ ಸಂಪಾದಕರೇ,

ಇಸ್ತ್ರಿ ಮಾಡುವಾಗ ಬಟ್ಟೆಗೆ ಸಿಂಪಡಿಸುವ ಗಂಜಿ ಸ್ಪ್ರೇಯಿಂದ ಮನೆಯ ನೆಲ ಜಾರುವುದು ಪತ್ರಿಕೆಗೆ ಬರೆಯುವಷ್ಟು ದೊಡ್ಡ ವಿಷಯವೇ ಎಂದು ಕೆಲವರು ಕೇಳಬಹುದು. ಆದರೆ ಹಬ್ಬ, ಮದುವೆಗಳ ಮುನ್ನಾದಿನ ಮನೆ ತುಂಬ ನೆಂಟರಿರುವಾಗ ನಡುಮನೆಯಲ್ಲೇ ಇಸ್ತ್ರಿ ಮೇಜು ಹಾಕಿಕೊಂಡು ಸೀರೆ, ಪಂಚೆಗಳಿಗೆ ಸ್ಪ್ರೇ ಹೊಡೆಯುವುದು ಮೈಸೂರಿನ ಎಷ್ಟೋ ಮನೆಗಳಲ್ಲಿ ಈಗ ರೂಢಿಯಾಗಿದೆ. ಅದೇ ಜಾಗದಲ್ಲಿ ವಯಸ್ಸಾದವರು ರಾತ್ರಿ ನೀರು ಕುಡಿಯಲು ಎದ್ದು ಓಡಾಡುತ್ತಾರೆ, ಮಕ್ಕಳು ಕಾಲುಚೀಲ ಹಾಕಿಕೊಂಡು ಓಡುತ್ತಾರೆ. ಎಪ್ಪತ್ತು ದಾಟಿದವರು ಒಮ್ಮೆ ಜಾರಿ ಸೊಂಟದ ಮೂಳೆ ಮುರಿದುಕೊಂಡರೆ ಆ ಮನೆಯ ಪಾಡೇನೆಂದು ಅನುಭವಿಸಿದವರಿಗೆ ಹೇಳಬೇಕಾಗಿಲ್ಲ.

ಹಿಂದೆ ಈ ತೊಂದರೆ ಇರಲಿಲ್ಲ, ಏಕೆಂದರೆ ಗಂಜಿ ಹಾಕುವ ಕೆಲಸವೆಲ್ಲ ಹಿತ್ತಲಿನ ಬಕೆಟ್ಟಿನಲ್ಲೇ ಮುಗಿಯುತ್ತಿತ್ತು. ಅನ್ನ ಬಸಿದ ಗಂಜಿಯನ್ನೋ, ಸಬ್ಬಕ್ಕಿ ಕುದಿಸಿ ಸೋಸಿದ ನೀರನ್ನೋ ತೆಳ್ಳಗೆ ಮಾಡಿಕೊಂಡು, ಬಟ್ಟೆಯನ್ನು ಅದರಲ್ಲಿ ಅದ್ದಿ, ಹಿಂಡಿ, ಬಿಸಿಲಿಗೆ ಒಣಹಾಕಿ, ಇಸ್ತ್ರಿಗೆ ಮುಂಚೆ ಒಂದಿಷ್ಟು ನೀರು ಚಿಮುಕಿಸಿ ಸುತ್ತಿಡುತ್ತಿದ್ದರು. ಕುಕ್ಕರ್ ಬಂದ ಮೇಲೆ ಅನ್ನ ಬಸಿಯುವುದೇ ಕಡಿಮೆಯಾಯಿತು; ಭತ್ತ ಬೆಳೆಯುವ ಮಂಡ್ಯದ ಮನೆಗಳಲ್ಲೂ ಬಸಿದ ಗಂಜಿ ಇಂದು ಸುಲಭವಾಗಿ ಸಿಗದು. ಫ್ಲ್ಯಾಟುಗಳಲ್ಲಿ ಹಿತ್ತಲೂ ಇಲ್ಲ. ಹೀಗೆ ಬಕೆಟ್ಟಿನ ಜಾಗಕ್ಕೆ ಡಬ್ಬಿ ಬಂತು, ಹಿತ್ತಲಿನ ಕೆಲಸ ನುಣುಪಾದ ಟೈಲ್ಸ್ ಮೇಲಕ್ಕೆ ಬಂತು.

ಆ ಡಬ್ಬಿಯೊಳಗಿರುವುದು ಬರೀ ಗಂಜಿಯಲ್ಲ ಎಂಬುದನ್ನು ಮೊದಲು ತಿಳಿಯಬೇಕು. ನೀರು, ಪಿಷ್ಟ, ಸುವಾಸನೆ, ಕೆಡದಂತೆ ಕಾಯುವ ರಾಸಾಯನಿಕಗಳ ಜೊತೆಗೆ, ಇಸ್ತ್ರಿಪೆಟ್ಟಿಗೆ ಬಟ್ಟೆಗೆ ಹಿಡಿದುಕೊಳ್ಳದೆ ಸರಾಗವಾಗಿ ಸರಿಯಲೆಂದು ಹಲವು ಸ್ಪ್ರೇಗಳಿಗೆ ಸಿಲಿಕೋನ್ ಸೇರಿಸಿರುತ್ತಾರೆ. ಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಜಾರಿಸುವ ಆ ವಸ್ತುವೇ ನೆಲಕ್ಕೆ ಬಿದ್ದಾಗ ಕಾಲನ್ನೂ ಜಾರಿಸುತ್ತದೆ. ಒತ್ತಡದಿಂದ ಹೊರಬರುವ ಹನಿಗಳು ಅತಿ ಸಣ್ಣವಾದ್ದರಿಂದ ಎಲ್ಲವೂ ಬಟ್ಟೆಯ ಮೇಲೆ ಕೂರುವುದಿಲ್ಲ. ಮೇಜಿನ ಅಂಚು ದಾಟಿ ಸುತ್ತಲಿನ ನೆಲಕ್ಕೆ ಇಳಿಯುತ್ತವೆ. ಮೇಲೆ ಫ್ಯಾನು ತಿರುಗುತ್ತಿದ್ದರೆ ಇನ್ನೂ ದೂರಕ್ಕೆ ಚದುರುತ್ತವೆ. ಬೀಳುವಾಗಲೂ ಕಾಣುವುದಿಲ್ಲ, ಬಿದ್ದ ಮೇಲೂ ಕಾಣುವುದಿಲ್ಲ. ಕೋಣೆಯ ದೀಪ ಆರಿಸಿ ಟಾರ್ಚನ್ನು ನೆಲಮಟ್ಟದಲ್ಲಿ ಅಡ್ಡಲಾಗಿ ಹಿಡಿದು ನೋಡಿದರೆ ಮಾತ್ರ ಹೊಳೆಯುವ ಟೈಲ್ಸ್ ನಡುವೆ, ಮೇಜಿನ ಕಾಲುಗಳ ಸುತ್ತ, ಮಾಡುವವರು ನಿಂತಿದ್ದ ಪಾದದ ಗುರುತನ್ನಷ್ಟೇ ಬಿಟ್ಟು, ಮಬ್ಬಾದ ಚುಕ್ಕಿಗಳ ಪೊರೆಯೊಂದು ಹರಡಿರುವುದು ಗೊತ್ತಾಗುತ್ತದೆ.

ನಮ್ಮ ಬೀದಿಯಲ್ಲಿ ಮಹಡಿಯ ಬಾಡಿಗೆ ಮನೆಯಲ್ಲಿರುವ ಹೆಣ್ಣುಮಗಳೊಬ್ಬಳು ಮದುವೆ ಮನೆಗಳಿಗೆ ಸೀರೆಯ ನೆರಿಗೆ ಹಿಡಿದು, ಇಸ್ತ್ರಿ ಮಾಡಿ, ಉಡಲು ಸಿದ್ಧವಾಗುವಂತೆ ಮಡಿಸಿಕೊಡುವ ಕೆಲಸ ಮಾಡುತ್ತಾಳೆ. ಹತ್ತಿ ಸೀರೆಯ ನೆರಿಗೆ ನಿಲ್ಲಲು ಸ್ಪ್ರೇ ಬೇಕೇ ಬೇಕು. ಕೋಣೆಯಲ್ಲಿ ಕಾಲಿಟ್ಟರೆ ಜಾರುತ್ತದೆಂದು ನೆಲ ಒರೆಸುವಾಕೆ ಹೇಳಿದಾಗ, ನೀನೇ ಫಿನಾಯಿಲ್ ಹೆಚ್ಚು ಹಾಕಿರಬೇಕು ಎಂದು ಅವಳನ್ನೇ ಗದರಿದ್ದಾಯಿತು. ಇದು ಆ ಒಂದು ಮನೆಯ ಕಥೆಯಲ್ಲ. ನೆಲ ಜಾರಿದರೆ ತಪ್ಪು ಯಾವಾಗಲೂ ಒರೆಸಿದವರದೇ ಎಂದು ತೀರ್ಮಾನಿಸುವುದು ನಮ್ಮಲ್ಲಿ ಬಹಳ ಹಿಂದಿನಿಂದ ಬಂದದ್ದು, ಮತ್ತು ನನ್ನ ದೃಷ್ಟಿಯಲ್ಲಿ ಅನ್ಯಾಯದ್ದು. ಬರೀ ತಣ್ಣೀರಿನ ಒರೆಸುಬಟ್ಟೆಯಿಂದ ಸಿಲಿಕೋನ್ ಹೋಗುವುದಿಲ್ಲ. ಅದು ನೀರಿನಲ್ಲಿ ಕರಗದ ಕಾರಣ ಒರೆಸಿದಷ್ಟೂ ಹರಡುತ್ತದೆ. ನೆಲದ ಮೇಲೆ ಒಣಗಿ ಕುಳಿತ ಗಂಜಿಯೂ ಒದ್ದೆಯಾದಾಗ ಲೋಳೆಯಂತಾಗುತ್ತದೆ. ಬಕೆಟ್ ಬಿಸಿನೀರಿಗೆ ಒಂದಿಷ್ಟು ಪಾತ್ರೆ ತೊಳೆಯುವ ಸೋಪಿನ ದ್ರವ ಹಾಕಿ ಉಜ್ಜಿ ಒರೆಸಿ, ಬಳಿಕ ಶುದ್ಧ ನೀರಿನಲ್ಲಿ ಮತ್ತೊಮ್ಮೆ ಒರೆಸಿ ಒಣಗಲು ಬಿಟ್ಟರೆ ಎರಡೂ ಹೋಗುತ್ತವೆ. ಒರೆಸಿದ ಬಟ್ಟೆಯನ್ನು ಸೋಪಿನಲ್ಲಿ ತೊಳೆಯದೆ ಪಕ್ಕದ ಕೋಣೆಗೆ ಒಯ್ದರೆ ಜಾರಿಕೆಯನ್ನೂ ಒಯ್ದಂತೆಯೇ.

ಇಲ್ಲಿ ಹಳೆಯ ಮನೆಗಳವರಿಗೆ ಒಂದು ಮಾತು ವಿಶೇಷವಾಗಿ ಹೇಳಬೇಕು. ಅಗ್ರಹಾರ, ಚಾಮುಂಡಿಪುರಂ, ಲಕ್ಷ್ಮೀಪುರಂ, ಒಂಟಿಕೊಪ್ಪಲುಗಳಲ್ಲಿ ರೆಡ್ ಆಕ್ಸೈಡ್ ನೆಲದ ಮನೆಗಳು ಇನ್ನೂ ಉಳಿದಿವೆ. ಸಿಮೆಂಟಿಗೆ ಕೆಂಪು ಬಣ್ಣ ಬೆರೆಸಿ, ಕರಣೆಯಲ್ಲಿ ತೀಡಿ ತೀಡಿ ಹೊಳಪು ತಂದ ಆ ನೆಲದ ಮೇಲೆ ಗಂಜಿ ಬಿದ್ದು ಒಣಗಿದರೆ ಬಿಳಿಯ ಮಚ್ಚೆ ಎದ್ದು ಕಾಣುತ್ತದೆ. ಅದನ್ನು ತೆಗೆಯಲು ಕೆಲವರು ಬಚ್ಚಲು ತೊಳೆಯುವ ಆಸಿಡ್ಡನ್ನೋ, ವಿನೆಗರನ್ನೋ, ನಿಂಬೆರಸವನ್ನೋ ಸುರಿಯುತ್ತಾರೆ. ದಯವಿಟ್ಟು ಹಾಗೆ ಮಾಡಬಾರದು. ಸಿಮೆಂಟು, ಮೊಸಾಯಿಕ್ಕಿನ ಅಮೃತಶಿಲೆಯ ಚೂರು, ಅಮೃತಶಿಲೆಯ ಹಾಸು ಇವೆಲ್ಲವೂ ಸುಣ್ಣದ ಅಂಶವುಳ್ಳವಾದ್ದರಿಂದ ಹುಳಿ ತಾಗಿದ ಕಡೆ ಮೇಲ್ಪದರವೇ ಸವೆದು ಹೊಳಪು ಹೋಗುತ್ತದೆ. ಗಂಜಿಯ ಮಚ್ಚೆ ತೊಳೆದರೆ ಹೋಗುವಂಥದ್ದು, ಹುಳಿಯ ಮಚ್ಚೆ ಹೋಗುವಂಥದ್ದಲ್ಲ. ಮರದ ನೆಲವಿದ್ದವರಿಗೆ ಬೇರೊಂದು ತೊಡಕು: ಸಿಲಿಕೋನ್ ಉಳಿದಿರುವ ಮರದ ಮೇಲೆ ಮುಂದೆ ಎಂದಾದರೂ ವಾರ್ನಿಷ್ ಬಳಿದರೆ ಅದು ಸಮವಾಗಿ ಹಿಡಿಯದೆ ಅಲ್ಲಲ್ಲಿ ಸಣ್ಣ ಗುಳಿಗಳು ಬೀಳುತ್ತವೆ.

ಹಾಗಾಗಿ ಬಿದ್ದದ್ದನ್ನು ತೆಗೆಯುವುದಕ್ಕಿಂತ ಬೀಳದಂತೆ ನೋಡಿಕೊಳ್ಳುವುದು ಹಗುರದ ಕೆಲಸ. ಇಸ್ತ್ರಿ ಮೇಜಿನ ಕೆಳಗೆ ಹಳೆಯ ಹತ್ತಿ ಬೆಡ್‌ಶೀಟನ್ನೋ ಜಮಖಾನವನ್ನೋ, ಮೇಜಿನ ಎಲ್ಲ ಬದಿಗೂ ಎರಡು ಅಡಿ ಹೊರಚಾಚುವಂತೆ ಸುಕ್ಕಿಲ್ಲದೆ ಹಾಸಬೇಕು. ಹಾಸಿನ ಅಂಚು ಕಾಲಿಗೆ ತೊಡರಿ ಬೀಳುವುದೂ ಉಂಟು. ತುದಿಗಳ ಮೇಲೆ ಏನಾದರೂ ಭಾರ ಇಡುವುದು ಒಳ್ಳೆಯದು. ಪ್ಲಾಸ್ಟಿಕ್ ಹಾಳೆ ಹೀರಿಕೊಳ್ಳುವುದಿಲ್ಲ, ತಾನೇ ಜಾರುತ್ತದೆ. ಇನ್ನು ತಮ್ಮ ಪತ್ರಿಕೆಯ ಹಾಳೆಗಳನ್ನು ಹಾಸುವವರೂ ಇದ್ದಾರೆ. ಓದಿ ಮುಗಿಸಿದ ಪತ್ರಿಕೆಗೆ ಎಷ್ಟೋ ಉಪಯೋಗಗಳಿದ್ದರೂ ಇದೊಂದಕ್ಕೆ ಅದು ಒದಗದು, ಏಕೆಂದರೆ ನುಣುಪು ನೆಲದ ಮೇಲೆ ಹಾಳೆ ಸರಿದುಹೋಗುತ್ತದೆ ಮತ್ತು ಅದರ ಮಸಿ ಬಿಳಿ ಪಂಚೆಯ ಅಂಚಿಗೆ ಹತ್ತುತ್ತದೆ. ಸ್ಪ್ರೇ ಹೊಡೆಯುವಾಗ ಫ್ಯಾನು ಆರಿಸಿ, ಡಬ್ಬಿಯನ್ನು ಬಟ್ಟೆಯಿಂದ ಆರರಿಂದ ಹತ್ತು ಅಂಗುಲ ದೂರದಲ್ಲಿ ಹಿಡಿದು, ಅಂಚಿನ ಕಡೆಯಿಂದ ಒಳಮುಖವಾಗಿ ಸಿಂಪಡಿಸಿದರೆ ಹೊರಗೆ ಹೋಗುವುದು ಬಹಳಷ್ಟು ಕಡಿಮೆಯಾಗುತ್ತದೆ. ಕೆಲಸ ಮುಗಿದ ಮೇಲೆ ಹಾಸಿನ ಮೇಲೆ ನಿಂತಿದ್ದ ಕಾಲನ್ನು ಒರೆಸಿಕೊಳ್ಳದೆ ಬೇರೆ ಕೋಣೆಗೆ ಹೋಗಬಾರದು.

ಅದಕ್ಕಿಂತ ಚೆನ್ನಾದ ಉಪಾಯ, ಇಸ್ತ್ರಿ ಮಾಡುವ ಜಾಗದಲ್ಲಿ ಸ್ಪ್ರೇಯನ್ನೇ ಹೊಡೆಯದಿರುವುದು. ಬಾಲ್ಕನಿಯ ತಂತಿಯ ಮೇಲೆ ಅಥವಾ ತಾರಸಿಯಲ್ಲಿ ಬಟ್ಟೆ ಹರವಿ ಅಲ್ಲೇ ಸಿಂಪಡಿಸಿ, ಸುತ್ತಿ ಸ್ವಲ್ಪ ಹೊತ್ತು ಇಟ್ಟು ಒಳಗೆ ತರಬಹುದು. ಗಂಜಿ ನೂಲಿಗೆ ಇಳಿಯಲು ಸಮಯ ಸಿಗುವುದರಿಂದ ಇಸ್ತ್ರಿಪೆಟ್ಟಿಗೆಯ ತಳಕ್ಕೆ ಹತ್ತಿ ಕರಕಲಾಗುವುದೂ ತಪ್ಪುತ್ತದೆ. ರವಿಕೆ, ಅಂಗಿಯಂಥ ಸಣ್ಣ ಬಟ್ಟೆಗಳಿಗೆ ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಬಾಯಿ ಮುಂದೆ ಮಾಡಿ ಮಲಗಿಸಿಟ್ಟು ಅದರೊಳಗೆ ಸಿಂಪಡಿಸಿದರೆ ಸಾಕು. ಬಚ್ಚಲುಮನೆಯಲ್ಲಿ ಮಾತ್ರ ಬೇಡ. ಮೊದಲೇ ಒದ್ದೆಯಿರುವ ನೆಲಕ್ಕೆ ಇದೂ ಸೇರಿದರೆ ಅಪಾಯ ಇಮ್ಮಡಿ. ಒತ್ತಡದ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಬ್ಯುಟೇನ್, ಪ್ರೊಪೇನಿನಂಥ ಉರಿಯುವ ಅನಿಲ ಇರುವುದರಿಂದ ಅಡುಗೆಮನೆ ಮತ್ತು ದೀಪ ಹಚ್ಚಿದ ದೇವರ ಕೋಣೆಯ ಬಳಿಯೂ ಕೂಡದು.

ಅರ್ಧ ಲೀಟರ್ ನೀರಿಗೆ ಒಂದು ಚಮಚ ಮುಸುಕಿನ ಜೋಳದ ಪಿಷ್ಟ, ಅಂದರೆ ಅಂಗಡಿಯ ಕಾರ್ನ್‌ಫ್ಲೋರ್, ಮೊದಲು ತಣ್ಣೀರಿನಲ್ಲಿ ಕದಡಿ, ತಿಳಿಯಾಗುವವರೆಗೆ ಕುದಿಸಿ, ಆರಿಸಿ, ಸೋಸಿ ಕೈಪಂಪಿನ ಬಾಟಲಿಗೆ ತುಂಬಿಕೊಂಡರೆ ಸಿಲಿಕೋನಿನ ಕಾಟವೇ ಇರುವುದಿಲ್ಲ. ಎರಡು ದಿನಕ್ಕೆ ಹುಳಿಯಾಗುತ್ತದೆ, ಬೇಕಾದಷ್ಟೇ ಮಾಡಿಕೊಳ್ಳಬೇಕು. ಮೇಲುಕೋಟೆಯ ಪಂಚೆಗೂ ಬದನವಾಳಿನ ಖಾದಿಗೂ ಇದು ಚೆನ್ನಾಗಿ ಒಗ್ಗುತ್ತದೆ. ಮೈಸೂರು ರೇಷ್ಮೆಗೆ ಯಾವ ಗಂಜಿಯೂ ಬೇಕಿಲ್ಲ. ಮೈಮೇಲೆ ಮೆತ್ತಗೆ ಇಳಿಬೀಳುವುದೇ ಆ ಸೀರೆಯ ಚೆಲುವು. ಆದರೂ ಸೆರಗು ನಿಲ್ಲಲೆಂದು ಅದಕ್ಕೂ ಸ್ಪ್ರೇ ಹೊಡೆಯುವವರನ್ನು ಕಂಡಿದ್ದೇನೆ.

ನನ್ನ ಬಳಿ ಇರುವ ಡಬ್ಬಿಯ ಮೇಲೆ ಬೆಂಕಿಯ ಎಚ್ಚರಿಕೆ ಇದೆ, 50 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯ ಜಾಗದಲ್ಲಿ ಇಡಬಾರದೆಂದಿದೆ. ನೆಲ ಜಾರುತ್ತದೆ, ಕೆಳಗೆ ಬಟ್ಟೆ ಹಾಸಿ ಎಂಬ ಮಾತಿಲ್ಲ, ಇರುವುದೂ ಕನ್ನಡದಲ್ಲಿಲ್ಲ. ಇಲ್ಲಿ ಇಂಥ ಸ್ಪ್ರೇ ಮಾರುವ ಕಂಪನಿಗಳು ಆ ಒಂದು ಸಾಲನ್ನು ಕನ್ನಡದಲ್ಲಿ ಮುದ್ರಿಸಬೇಕು. ಗೌರಿ ಹಬ್ಬಕ್ಕೆ ಮುಂಚೆ ತಮ್ಮ ಪತ್ರಿಕೆಯ ಮಹಿಳಾ ಪುಟದಲ್ಲೂ ಈ ಬಗ್ಗೆ ನಾಲ್ಕು ಸಾಲು ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಗೃಹವಿಜ್ಞಾನ ಅಧ್ಯಾಪಕಿ
ಕೃಷ್ಣಮೂರ್ತಿಪುರಂ, ಮೈಸೂರು