ವಿದ್ಯುತ್ ಕಂಪನಿ ನಡೆಸಿದ ವಕೀಲೆ

ಸಂಪಾದಕರೇ,

ನೀರು, ವಿದ್ಯುತ್ತಿನ ಸಾರ್ವಜನಿಕ ಸಂಸ್ಥೆಗೆ ಹೆಣ್ಣುಮಗಳೊಬ್ಬಳು ಮುಖ್ಯಸ್ಥೆಯಾದರೆ ಪತ್ರಿಕೆಗಳು ‘ಮೊದಲ ಮಹಿಳೆ’ ಎಂದು ಬರೆದು ಸುಮ್ಮನಾಗುತ್ತವೆ. ಆ ಕುರ್ಚಿಯಲ್ಲಿ ಕೂತು ಆಕೆ ಮಾಡಿದ ಕೆಲಸ ನಮಗೆ ತಿಳಿಯುವುದೇ ಇಲ್ಲ.

ಕೀನ್ಯಾದ ರೆಬೆಕ್ಕಾ ಮಿಯಾನೊ ಅವರನ್ನೇ ನೋಡಿ. ಅವರು ಎಂಜಿನಿಯರ್ ಅಲ್ಲ, ವಕೀಲೆ. ವಿದ್ಯುತ್ ಉತ್ಪಾದಿಸುವ ಕೆನ್‌ಜೆನ್ ಕಂಪನಿಯಲ್ಲಿ ಕಾರ್ಯದರ್ಶಿಯಾಗಿ ವರ್ಷಗಟ್ಟಲೆ ದುಡಿದು, 2017ರಲ್ಲಿ ಅದರ ಮುಖ್ಯಸ್ಥೆಯಾದರು. 2022ರಲ್ಲಿ ದೇಶದ ಸಚಿವ ಸಂಪುಟ ಸೇರಿದರು. ಕೆನ್‌ಜೆನ್‌ನಲ್ಲಿ ಸರ್ಕಾರದ ಪಾಲು ಶೇ 70, ಉಳಿದದ್ದು ಷೇರುದಾರರದು. ಲೆಕ್ಕ ಇಬ್ಬರಿಗೂ ಒಪ್ಪಿಸಬೇಕು.

ಕಂಪನಿ ಕಾರ್ಯದರ್ಶಿಯದು ಬರೀ ಕಾಗದಪತ್ರದ ಕೆಲಸ ಅನ್ನಿಸಬಹುದು. ಆದರೆ ಆಡಳಿತ ಮಂಡಳಿಯ ಸಭೆಯಲ್ಲಿ ಯಾವ ಟೆಂಡರಿಗೆ ಯಾವ ಕಾರಣಕ್ಕೆ ಒಪ್ಪಿಗೆ ಸಿಕ್ಕಿತು, ಅದರಲ್ಲಿ ಯಾವ ನಿರ್ದೇಶಕರ ಸ್ವಂತ ಹಿತ ಇದೆ, ಇದೆಲ್ಲ ದಾಖಲಾಗುವುದು ಅಲ್ಲೇ. ಒಳ್ಳೆಯ ಆಡಳಿತ ಶುರುವಾಗುವುದೂ ಅಲ್ಲಿಂದಲೇ ಅಲ್ವಾ?

ಕೀನ್ಯಾದ ಓಲ್ಕಾರಿಯಾ ಎಂಬಲ್ಲಿ ಕೆನ್‌ಜೆನ್ ನೆಲದಾಳದ ಬಿಸಿ ಹಬೆಯಿಂದ ವಿದ್ಯುತ್ ತೆಗೆಯುತ್ತದೆ. ಮಳೆ ಕೈಕೊಟ್ಟು ಜಲಾಶಯ ಬತ್ತಿದರೂ ಈ ಹಬೆ ನಿಲ್ಲುವುದಿಲ್ಲ. ಆದರೆ ಬಾವಿ ಕೊರೆಯಲು ಭಾರಿ ದುಡ್ಡು ಬೇಕು, ಕೊರೆದ ಮೇಲೂ ಸಾಕಷ್ಟು ಹಬೆ ಸಿಗದೆ ಹೋಗಬಹುದು. ಅಂಥ ಕಡೆ ಸಾಲಕ್ಕೆ ಸಹಿ ಹಾಕುವವರಿಗೆ ಎಲ್ಲಕ್ಕಿಂತ ಜಾಸ್ತಿ ಬೇಕಾದದ್ದು ಕರಾರನ್ನು ಸಾಲು ಬಿಡದೆ ಓದುವ ತಾಳ್ಮೆ, ‘ಇದು ಬೇಡ’ ಎನ್ನುವ ಧೈರ್ಯ.

ಇಂಥವರನ್ನು ಸಂದರ್ಶಿಸುವಾಗ ಮನೆ-ಮಕ್ಕಳನ್ನು ಹೇಗೆ ನಿಭಾಯಿಸಿದಿರಿ ಎಂದು ದಯವಿಟ್ಟು ಕೇಳಬೇಡಿ. ಸೋರಿಕೆ ಎಷ್ಟು ತಗ್ಗಿತು, ಟೆಂಡರ್ ವಿವರ ಜನರಿಗೆ ಸಿಗುತ್ತಿದೆಯೇ, ದೂರು ಕೊಟ್ಟರೆ ಎಷ್ಟು ದಿನದಲ್ಲಿ ಬಗೆಹರಿಯುತ್ತದೆ ಎಂದು ಕೇಳಿ.

– ನಿಮ್ಮ ಓದುಗರು