‘ಗಾಬರಿ ಬೇಡ’ ಎನ್ನುವ ಬದಲು ಲೆಕ್ಕ ಕೊಡಿ

ಮಾನ್ಯ ಸಂಪಾದಕರೇ,

ತೈಲಕ್ಕೋ ವಿದ್ಯುತ್ತಿಗೋ ಕೊರತೆ ಬಂದಾಗ ಸರ್ಕಾರಗಳ ಬಾಯಲ್ಲಿ ಬರುವ ಮೊದಲ ಮಾತು ‘ಜನ ಗಾಬರಿಯಾಗಬೇಕಿಲ್ಲ’. ಪೆಟ್ರೋಲ್ ಬಂಕ್ ಮುಂದೆ ಸಾಲು ಬೆಳೆಯುವುದೇ ಅದನ್ನು ಕೇಳಿದ ಮೇಲೆ, ಅಲ್ವಾ?

ದಕ್ಷಿಣ ಆಫ್ರಿಕಾವನ್ನೇ ನೋಡಿ. ಹೊಸ ಸ್ಥಾವರ ಕಟ್ಟದಿದ್ದರೆ 2007ರ ಹೊತ್ತಿಗೆ ಕರೆಂಟ್ ಸಾಲುವುದಿಲ್ಲ ಎಂದು ಅಲ್ಲಿನ ಸರ್ಕಾರದ್ದೇ ಶ್ವೇತಪತ್ರ 1998ರಲ್ಲಿ ಎಚ್ಚರಿಸಿತ್ತು. ಸರ್ಕಾರ ಸುಮ್ಮನಿತ್ತು. ಹೇಳಿದ ವರ್ಷಕ್ಕೇ ಲೋಡ್ ಶೆಡ್ಡಿಂಗ್ ಬಂತು. ಅಲ್ಲಿನ ಸರ್ಕಾರಿ ವಿದ್ಯುತ್ ಕಂಪನಿ ಎಸ್ಕಾಮ್ ಹೇಳಿದ್ದೇ ಸರಿ, ತಪ್ಪು ನಮ್ಮದು ಎಂದು ಅಧ್ಯಕ್ಷ ಥಾಬೊ ಎಂಬೆಕಿ ಒಪ್ಪಿಕೊಂಡರು. ಇಷ್ಟು ನೇರವಾಗಿ ಹೇಳುವವರು ಕಮ್ಮಿ, ಮೆಚ್ಚಲೇಬೇಕು. ಆದರೆ ಆಮೇಲೆ ಕಟ್ಟಲು ಹೊರಟ ದೊಡ್ಡ ಕಲ್ಲಿದ್ದಲು ಸ್ಥಾವರಗಳು ವರ್ಷಗಟ್ಟಲೆ ತಡವಾದವು. ‘ಇನ್ನೇನು ಸರಿಹೋಗುತ್ತದೆ’ ಎಂಬ ಮಾತು ಮಾತ್ರ ನಿಲ್ಲಲಿಲ್ಲ. 2023ರಲ್ಲಂತೂ ಕತ್ತಲೆ ಹಿಂದೆಂದಿಗಿಂತ ಜಾಸ್ತಿಯಾಯಿತು. ಮರುವರ್ಷದ ಚುನಾವಣೆಯಲ್ಲಿ, 1994ರಿಂದ ಆಳುತ್ತಿದ್ದ ಪಕ್ಷ ಮೊದಲ ಸಲ ಬಹುಮತ ಕಳೆದುಕೊಂಡಿತು. ಕರೆಂಟೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಮನೆಮನೆಗೂ ದಿನಾ ತಟ್ಟಿದ ಕಾರಣ ಅದು.

ಜಪಾನಿನ ಕಥೆಗೆ ಎರಡು ಮುಖ. 2011ರ ಸುನಾಮಿಯ ನಂತರದ ಬೇಸಿಗೆಯಲ್ಲಿ ಟೋಕಿಯೊ ಭಾಗದ ದೊಡ್ಡ ಬಳಕೆದಾರರು ಶೇ 15ರಷ್ಟು ವಿದ್ಯುತ್ ಕಡಿತ ಮಾಡಬೇಕೆಂದು ಸರ್ಕಾರ ಆದೇಶಿಸಿತು. ಇವತ್ತು ಎಷ್ಟು ಕರೆಂಟ್ ಇದೆ, ಎಷ್ಟು ಬೇಕಾದೀತು ಎಂಬುದನ್ನು ಹವಾಮಾನ ವರದಿಯ ಹಾಗೆ ದಿನಾ ಹೇಳುತ್ತಿದ್ದರು. ಜನ ತಾವಾಗಿಯೇ ದೀಪ, ಎ.ಸಿ. ಆರಿಸಿದರು. ಇನ್ನೊಂದು ಕಡೆ, ಸುನಾಮಿಗೆ ಸಿಕ್ಕ ಫುಕುಶಿಮಾ ಅಣುಸ್ಥಾವರದ ಇಂಧನ ಕರಗಿದೆ (ಮೆಲ್ಟ್‌ಡೌನ್) ಎಂದು ಒಪ್ಪಿಕೊಳ್ಳಲು ಅದನ್ನು ನಡೆಸುತ್ತಿದ್ದ ಕಂಪನಿಗೆ ಎರಡು ತಿಂಗಳು ಬೇಕಾಯಿತು. ‘ಮೆಲ್ಟ್‌ಡೌನ್’ ಎಂಬ ಪದವನ್ನು ಬೇಕೆಂದೇ ಬಳಸಲಿಲ್ಲ ಎಂಬುದು 2016ರಲ್ಲಿ ಹೊರಬಿತ್ತು. ಹೇಳಿದ್ದಕ್ಕೆಲ್ಲ ದೀಪ ಆರಿಸಿದ ಅದೇ ಜನ ಅಣುವಿದ್ಯುತ್ ಬಗ್ಗೆ ಏನೇ ಹೇಳಿದರೂ ನಂಬಲು ಹಿಂಜರಿದರು.

ಬ್ರಿಟನ್ನಿನದು ಸಣ್ಣ ಕಥೆ, ಆದರೆ ಮರೆಯುವಂಥದ್ದಲ್ಲ. 1974ರಲ್ಲಿ ಕಲ್ಲಿದ್ದಲು ಕೊರತೆಯಿಂದ ಕಾರ್ಖಾನೆಗಳು ವಾರಕ್ಕೆ ಮೂರೇ ದಿನ ನಡೆಯುತ್ತಿದ್ದವು. ಕತ್ತಲಲ್ಲೇ ಹಲ್ಲುಜ್ಜಿ ಎಂದು ಸಚಿವ ಪ್ಯಾಟ್ರಿಕ್ ಜೆಂಕಿನ್ ಬುದ್ಧಿ ಹೇಳಿದರು. ಅವರ ಮನೆಯಲ್ಲೇ ದೀಪ ಉರಿಯುತ್ತಿದ್ದ ಫೋಟೊ ಪತ್ರಿಕೆಗೆ ಸಿಕ್ಕಿಬಿಟ್ಟಿತು! ಫೆಬ್ರುವರಿಯ ಚುನಾವಣೆ ಮುಗಿದಾಗ ಅವರ ಸರ್ಕಾರವೂ ಇರಲಿಲ್ಲ.

ಹಾಗಾಗಿ ಯಾವ ದೇಶದ ಸರ್ಕಾರವೇ ಆಗಲಿ, ದಾಸ್ತಾನು ಎಷ್ಟು ದಿನಕ್ಕೆ ಸಾಕು, ಯಾವ ಹೊತ್ತಿಗೆ ಕಡಿತ, ಆಸ್ಪತ್ರೆ ಬಿಟ್ಟು ಯಾರಿಗೆಲ್ಲ ವಿನಾಯಿತಿ ಎಂಬುದನ್ನು ಕೊರತೆಯ ಮೊದಲ ದಿನವೇ ಪ್ರಕಟಿಸಲಿ. ವಿನಾಯಿತಿ ಪಟ್ಟಿಯಲ್ಲಿ ಸಚಿವರ ಮನೆಗಳಿದ್ದರೆ ಅದನ್ನೂ ಬರೆಯಲಿ.

ಇಂತಿ,
ಒಬ್ಬ ಓದುಗ